ಒಂದೇ ತಾರೀಖಿಗೆ ಇಷ್ಟೊಂದು ದಿನಾಚರಣೆ ಏಕೆ?

ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸಂವಿಧಾನದ ಪೀಠಿಕೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ಸುದ್ದಿ, ಗಾದೆ ಮತ್ತು ‘ದಿನದ ವಿಶೇಷ’ ಓದುತ್ತಾನೆ. ದಿನದ ವಿಶೇಷದ ಚೀಟಿ ಬರೆದುಕೊಡುವುದು ನನ್ನ ಕೆಲಸ. ಒಂದು ತಾರೀಖಿಗೆ ನಾಲ್ಕೈದು ದಿನಾಚರಣೆಗಳಿದ್ದರೆ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತಿದ್ದೆ. ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಅಷ್ಟೆಲ್ಲ ಕೇಳುವ ತಾಳ್ಮೆ ಎಲ್ಲಿರುತ್ತದೆ ಎಂದುಕೊಳ್ಳುತ್ತಿದ್ದೆ.

ಮೂರು ವರ್ಷಗಳ ಹಿಂದೆ ನವೆಂಬರ್ 14ರಂದು ಮಕ್ಕಳ ದಿನಾಚರಣೆಗೆ ಬೂಂದಿ ಲಾಡು ತರಿಸಿದ್ದೆವು. ತರಗತಿಯಲ್ಲಿ ಎಲ್ಲರೂ ತಿಂದು ಕೈ ನೆಕ್ಕಿಕೊಳ್ಳುತ್ತಿದ್ದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ಲಾಡನ್ನು ನೋಟ್ ಪುಸ್ತಕದ ಹಾಳೆಯಲ್ಲಿ ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. “ಮನೆಗೆ ಯಾಕಮ್ಮ, ಇಲ್ಲೇ ತಿನ್ನು. ಇವತ್ತು ನಿಮ್ಮ ದಿನ” ಎಂದೆ. ಅವಳು ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, “ಊಟದ ಹೊತ್ತಿಗೆ ಇನ್ಸುಲಿನ್ ಹಾಕಿಕೊಂಡು ತಿನ್ನುತ್ತೇನೆ ಮಿಸ್” ಎಂದಳು. ಅವಳಿಗೆ ಮಧುಮೇಹ ಇರುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಬೆಳಿಗ್ಗೆ ನಾನು ಬರೆದ ಚೀಟಿಯಲ್ಲಿ ಬಿಟ್ಟಿದ್ದ ಸಾಲು ‘ವಿಶ್ವ ಮಧುಮೇಹ ದಿನ’. ಅದು ದೊಡ್ಡವರ ಕಾಯಿಲೆ, ಮಕ್ಕಳಿಗೇಕೆ ಎಂದು ಕೈಬಿಟ್ಟಿದ್ದೆ.

ಆ ಸಂಜೆ ಮನೆಗೆ ಬಂದು ಹುಡುಕಲು ಕುಳಿತವಳು ಇಂದಿಗೂ ಹುಡುಕುತ್ತಲೇ ಇದ್ದೇನೆ. ಎರಡು ದಿನಾಚರಣೆಗಳು ಒಂದೇ ತಾರೀಖಿಗೆ ಹೇಗೆ ಬಂದು ಸೇರುತ್ತವೆ? ಯಾರು ಗೊತ್ತು ಮಾಡುತ್ತಾರೆ? ಆ ತಾರೀಖೇ ಏಕೆ? ಕೊನೆಯ ಪ್ರಶ್ನೆಯೊಂದನ್ನು ಹಿಡಿದು ಹೊರಟರೆ ಉಳಿದವಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ.

ನವೆಂಬರ್ 14ನ್ನೇ ತೆಗೆದುಕೊಳ್ಳಿ. 1889ರ ಈ ದಿನ ಜವಾಹರಲಾಲ್ ನೆಹರೂ ಹುಟ್ಟಿದರು. ವಿಶ್ವಸಂಸ್ಥೆಯ ಮಕ್ಕಳ ದಿನ ಇರುವುದು ನವೆಂಬರ್ 20ರಂದು. 1959ರಲ್ಲಿ ಮಕ್ಕಳ ಹಕ್ಕುಗಳ ಘೋಷಣೆ, 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಎರಡೂ ಅಂಗೀಕಾರವಾದದ್ದು ಅದೇ ತಾರೀಖಿನಂದು. ನಮ್ಮ ದೇಶದಲ್ಲಿ ಮಾತ್ರ 1964ರಲ್ಲಿ ನೆಹರೂ ತೀರಿಕೊಂಡ ನಂತರ ಅವರ ಹುಟ್ಟುಹಬ್ಬವೇ ಮಕ್ಕಳ ದಿನವಾಗಿ ಗಟ್ಟಿಯಾಯಿತು.

ನೆಹರೂ ಹುಟ್ಟಿದ ಎರಡು ವರ್ಷಕ್ಕೆ, 1891ರ ನವೆಂಬರ್ 14ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ರೈತಕುಟುಂಬವೊಂದರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಟೊರಾಂಟೊದಲ್ಲಿ ಚಾರ್ಲ್ಸ್ ಬೆಸ್ಟ್, ಮ್ಯಾಕ್ಲಿಯಾಡ್, ಕಾಲಿಪ್ ಇವರೊಂದಿಗೆ ಇನ್ಸುಲಿನ್ ಕಂಡುಹಿಡಿದವರು ಅವರೇ. ಅದಕ್ಕೂ ಮುಂಚೆ ಮೊದಲನೆಯ ಬಗೆಯ (ಟೈಪ್ 1) ಮಧುಮೇಹ ಬಂದ ಮಗು ಬದುಕುವ ಭರವಸೆಯೇ ಇರಲಿಲ್ಲ. ವೈದ್ಯರ ಕೈಯಲ್ಲಿದ್ದ ಒಂದೇ ಉಪಾಯವೆಂದರೆ ಊಟವನ್ನು ತೀರಾ ಕಡಿಮೆ ಮಾಡಿ ಸಾವನ್ನು ಸ್ವಲ್ಪ ಮುಂದೂಡುವುದು. ಮಕ್ಕಳು ಎಲುಬಿನ ಗೂಡಾಗಿ ಮಲಗಿರುತ್ತಿದ್ದರು.

1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಔಷಧ ಶುದ್ಧವಾಗಿರಲಿಲ್ಲ, ಮೈಗೆ ಒಗ್ಗಲಿಲ್ಲ. ಕಾಲಿಪ್ ಅದನ್ನು ಮತ್ತೆ ಶುದ್ಧೀಕರಿಸಿದರು. ಜನವರಿ 23ರಂದು ಎರಡನೆಯ ಬಾರಿ ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು, ಅವನು ಚೇತರಿಸಿಕೊಂಡ. ಇನ್ನೂ 13 ವರ್ಷ ಬದುಕಿದ. ಆ ಮೊದಲ ಚುಚ್ಚುಮದ್ದಿನ ಹೊತ್ತಿಗೆ ಅವನ ವಯಸ್ಸು 14. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಕೂರುವ ವಯಸ್ಸು! ಇನ್ಸುಲಿನ್‌ನ ಪೇಟೆಂಟನ್ನು ಸಂಶೋಧಕರು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ 1923ರಲ್ಲಿ ನೊಬೆಲ್ ಬಂತು.

ಬ್ಯಾಂಟಿಂಗ್ ಹುಟ್ಟಿದ ದಿನವನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1991ರಲ್ಲಿ ವಿಶ್ವ ಮಧುಮೇಹ ದಿನವಾಗಿ ಆರಂಭಿಸಿದವು. 2006ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯೂ ಅದನ್ನು ತನ್ನದಾಗಿಸಿಕೊಂಡಿತು. ಅಂದರೆ ನೆಹರೂ ಮತ್ತು ಬ್ಯಾಂಟಿಂಗ್ ಒಂದೇ ತಾರೀಖಿನಂದು ಹುಟ್ಟಿದ್ದು ಕೇವಲ ಆಕಸ್ಮಿಕ. ಆದರೆ ಇನ್ಸುಲಿನ್ ಮೊದಲು ಬದುಕಿಸಿದ್ದು ಒಬ್ಬ ಹುಡುಗನನ್ನು ಎಂದು ತಿಳಿದ ಮೇಲೆ ಈ ಎರಡು ದಿನಗಳು ಬೇರೆ ಬೇರೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಮಂಡ್ಯದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯ ಊರು ನಮ್ಮದು. ಸಕ್ಕರೆ ನಾಡು ಎಂದೇ ಹೆಸರು. ಆ ಹುಡುಗಿಯ ತಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕ ತಿರುವುವವರು. ಮಗಳಿಗೆ ಹೀಗಾದದ್ದು ಬೆಲ್ಲ ತಿಂದು ಎಂದು ನೆಂಟರು ಅವರನ್ನು ಆಡಿಕೊಂಡಿದ್ದಾರೆ. ಅದು ಸುಳ್ಳು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹಕ್ಕೆ ಸಿಹಿ ಕಾರಣವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಆಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದೆ ಬದುಕಿಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದ ಕಾರಣ ಅವಳ ತಾಯಿ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ಇಡುತ್ತಾರೆ. ಮಡಕೆಯ ಮೈಯಿಂದ ನೀರು ಆವಿಯಾದಂತೆ ಒಳಗೆ ತಂಪಾಗುತ್ತದೆ. ಅಡುಗೆಮನೆಯ ಮೂಲೆಯಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ, ಅವಳ ಜೀವ ಆ ಮಡಕೆಯಲ್ಲಿದೆ.

ಇನ್ನೊಂದು ವಿಷಯ ಶಿಕ್ಷಕರಿಗೆ ಗೊತ್ತಿರಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಗು ಊಟ ತಡಮಾಡಿದರೆ, ಆಟದಲ್ಲಿ ಹೆಚ್ಚು ಓಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಗುತ್ತದೆ, ಬೆವರುತ್ತದೆ, ಮಾತು ತಡವರಿಸುತ್ತದೆ. ಆಗ ಮಗುವಿಗೆ ಬೇಕಾದದ್ದು ಸಕ್ಕರೆಯೇ, ಅದೂ ತಕ್ಷಣ. ಆ ಹುಡುಗಿಯ ಕಂಪಾಸ್ ಬಾಕ್ಸಿನಲ್ಲಿ ಕೈವಾರ, ಕೋನಮಾಪಕದ ಜೊತೆ ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ ಸದಾ ಇರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದನ್ನು ಕಿತ್ತುಕೊಳ್ಳಬಾರದು. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು, ಕಾರಣವಿಲ್ಲದೆ ಮೈ ಇಳಿಯುವುದು ಕಂಡರೆ ಮಗುವಿನ ಮನೆಯವರಿಗೆ ಹೇಳಿ ಅಂದೇ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನು ಲೆಕ್ಕದ ಮಾತು. ವಿಶ್ವಸಂಸ್ಥೆ ಗುರುತಿಸಿದ ಅಂತರರಾಷ್ಟ್ರೀಯ ದಿನಗಳೇ 200ಕ್ಕೂ ಹೆಚ್ಚಿವೆ. ಅವುಗಳ ಮೇಲೆ ಭಾರತ ಸರ್ಕಾರದ ರಾಷ್ಟ್ರೀಯ ದಿನಗಳು, ರಾಜ್ಯ ಸರ್ಕಾರದ ಜಯಂತಿಗಳು, ವೈದ್ಯಕೀಯ ಸಂಘಗಳು ಸಾರಿದ ದಿನಗಳು. ವರ್ಷಕ್ಕಿರುವುದು 365 ಮನೆ. ಒಂದೇ ಮನೆಗೆ ಇಬ್ಬರು ಮೂವರು ಬರುವುದು ತಪ್ಪದು. ಗಣಿತದಲ್ಲಿ ಇದಕ್ಕೊಂದು ಸೊಗಸಾದ ಫಲಿತಾಂಶವಿದೆ: ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇನ್ನೂರಕ್ಕೂ ಹೆಚ್ಚು ದಿನಾಚರಣೆಗಳಿದ್ದಾಗ ಹೊಂದಿಕೆಯಾಗದಿದ್ದರೆ ಆಶ್ಚರ್ಯಪಡಬೇಕು. ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು. ಹಳೆಯ ತಲೆಮಾರಿನವರ ಶಾಲಾ ದಾಖಲೆ ತೆರೆದರೆ ಜೂನ್ 1ರಂದು ಹುಟ್ಟಿದವರು ಸಾಲುಸಾಲಾಗಿ ಸಿಗುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಮೇಷ್ಟ್ರು ಅನುಕೂಲದ ತಾರೀಖು ಬರೆದರು. ನನ್ನ ತಂದೆಯವರದೂ ಅದೇ. ಅನುಕೂಲಕ್ಕೆ ಆರಿಸಿದ ತಾರೀಖುಗಳು ದಿನಾಚರಣೆಗಳಲ್ಲೂ ಇವೆ. ಜೂನ್ 1ರ ವಿಶ್ವ ಹಾಲಿನ ದಿನ ಅಂಥದ್ದು. ಹಲವು ದೇಶಗಳು ಆ ಹೊತ್ತಿಗೆ ಮೊದಲೇ ಹಾಲಿನ ದಿನ ಆಚರಿಸುತ್ತಿದ್ದವು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2001ರಿಂದ ಅದನ್ನೇ ಎತ್ತಿಕೊಂಡಿತು.

ಯಾರು ಸಾರುತ್ತಾರೆ ಎಂಬುದರ ಮೇಲೆ ದಿನದ ತೂಕ ನಿಲ್ಲುತ್ತದೆ. ವಿಶ್ವಸಂಸ್ಥೆಯಲ್ಲಾದರೆ ಯಾವುದಾದರೊಂದು ಸದಸ್ಯ ರಾಷ್ಟ್ರ ಕರಡು ನಿರ್ಣಯ ಮಂಡಿಸಬೇಕು, ಬೇರೆ ರಾಷ್ಟ್ರಗಳು ಕೈಜೋಡಿಸಬೇಕು, ಸಾಮಾನ್ಯ ಸಭೆ ಅಂಗೀಕರಿಸಬೇಕು. ಯೋಗ ದಿನದ ನಿರ್ಣಯವನ್ನು ಭಾರತ ಮಂಡಿಸಿದಾಗ 177 ರಾಷ್ಟ್ರಗಳು ಸಹಪ್ರಾಯೋಜಕರಾದವು, 2014ರ ಡಿಸೆಂಬರ್ 11ರಂದು ಅಂಗೀಕಾರವಾಯಿತು. ಯುನೆಸ್ಕೊ, ವಿಶ್ವ ಆರೋಗ್ಯ ಸಂಸ್ಥೆಯಂಥವು ತಮ್ಮ ಕ್ಷೇತ್ರದ ದಿನಗಳನ್ನು ತಾವೇ ಗೊತ್ತು ಮಾಡುತ್ತವೆ. ಇವೆಲ್ಲದರ ಹೊರಗೆ ಯಾವ ಸಂಘ, ಯಾವ ಕಂಪನಿ ಬೇಕಾದರೂ ಒಂದು ದಿನವನ್ನು ಸಾರಬಹುದು, ತಡೆಯುವವರಿಲ್ಲ. ಮೊಬೈಲಿಗೆ ಬರುವ ‘ರಾಷ್ಟ್ರೀಯ ದಿನ’ಗಳಲ್ಲಿ ಎಷ್ಟೋ ಅಮೆರಿಕದ ವ್ಯಾಪಾರಸ್ಥರು ಹುಟ್ಟಿಸಿದವು, ಅಲ್ಲಿನ ‘ರಾಷ್ಟ್ರೀಯ’ ನಮ್ಮದಲ್ಲ. ಚೀಟಿ ಬರೆಯುವ ಮೊದಲು ನಾನು ಇಷ್ಟನ್ನು ನೋಡಿಕೊಳ್ಳುತ್ತೇನೆ.

ಈಗ ನನಗೆ ಬಹಳ ಪ್ರಿಯವಾದ ಭಾಗ: ಆ ತಾರೀಖೇ ಏಕೆ?

ಹೆಚ್ಚಿನ ದಿನಗಳ ಹಿಂದೆ ಒಂದು ಹುಟ್ಟು ಇರುತ್ತದೆ, ಇಲ್ಲವೇ ಒಂದು ಸಾವು. ಸೆಪ್ಟೆಂಬರ್ 5ರಲ್ಲಿ ಎರಡೂ ಇವೆ. ರಾಧಾಕೃಷ್ಣನ್ ಹುಟ್ಟಿದ್ದರಿಂದ ನಮಗೆ ಶಿಕ್ಷಕರ ದಿನ. 1918ರಿಂದ ಮೂರು ವರ್ಷ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿ, ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅದೇ ಸೆಪ್ಟೆಂಬರ್ 5ರಂದು, 1997ರಲ್ಲಿ ಮದರ್ ತೆರೇಸಾ ತೀರಿಕೊಂಡರು. ವಿಶ್ವಸಂಸ್ಥೆ 2012ರಲ್ಲಿ ಆ ದಿನವನ್ನು ಅಂತರರಾಷ್ಟ್ರೀಯ ದಾನ ದಿನವೆಂದು ಸಾರಿತು.

ಮಾರ್ಚ್ 24 ಇನ್ನೂ ಗಂಭೀರ. 1882ರ ಆ ದಿನ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದದ್ದಾಗಿ ಪ್ರಕಟಿಸಿದರು, ಆದ್ದರಿಂದ ವಿಶ್ವ ಕ್ಷಯರೋಗ ದಿನ. 1980ರ ಮಾರ್ಚ್ 24ರಂದು ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು, ಬಡವರ ಪರ ದನಿಯೆತ್ತಿದ್ದಕ್ಕೆ, ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಹಾಗಾಗಿ ಮಾನವ ಹಕ್ಕುಗಳ ಘೋರ ಉಲ್ಲಂಘನೆಗಳ ಬಗ್ಗೆ ಸತ್ಯ ತಿಳಿಯುವ ಹಕ್ಕಿನ ದಿನವೂ ಅದೇ. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಹೋಗುವಾಗ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಕಾಣುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಅವರು, ಕ್ಷಯಕ್ಕೇ ಬಲಿಯಾದವರು. ಕ್ಷಯ ಅರಮನೆಯ ಹೊಸ್ತಿಲನ್ನೂ ದಾಟಿತ್ತು ಎಂದು ಮಕ್ಕಳಿಗೆ ಹೇಳಿದರೆ, ಕೆಮ್ಮುವವರನ್ನು ಕಂಡು ಮುಖ ತಿರುಗಿಸುವುದು ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ನವೆಂಬರ್ 26ರ ಚೀಟಿ ಬರೆಯುವುದು ನನಗೆ ಪ್ರತಿವರ್ಷ ಕಷ್ಟ. 1949ರ ಆ ದಿನ ಸಂವಿಧಾನವನ್ನು ಅಂಗೀಕರಿಸಿದೆವು. 1921ರ ಆ ದಿನ ಕ್ಷೀರಕ್ರಾಂತಿಯ ವರ್ಗೀಸ್ ಕುರಿಯನ್ ಹುಟ್ಟಿದ್ದರಿಂದ ರಾಷ್ಟ್ರೀಯ ಹಾಲಿನ ದಿನ. ಬೆಳಗ್ಗೆ ಆರಕ್ಕೆ ಡೇರಿಗೆ ಹಾಲು ಹಾಕಿ ಬರುವ ಮಕ್ಕಳಿರುವ ನಮ್ಮ ಶಾಲೆಗೆ ಅದು ಮನೆಯ ಹಬ್ಬ. 2008ರ ಆ ರಾತ್ರಿ ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ. ಮೂರನ್ನೂ ಬರೆಯುತ್ತೇನೆ. ಮುಂಬಯಿಯ ಸಾಲನ್ನು ಕೊನೆಗಿಟ್ಟು, ಓದಿದ ಮೇಲೆ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇವೆ.

ಕೆಲವು ತಾರೀಖುಗಳನ್ನು ಅಂಕಿ ನೋಡಿ ಆರಿಸಿರುತ್ತಾರೆ. ಮಾರ್ಚ್ 3, ಅಂದರೆ 3.3. ಎರಡು ಮೂರುಗಳ ಆಕಾರ ಎರಡು ಕಿವಿಗಳ ಹಾಗೆ ಕಾಣುತ್ತದೆಂದು ಅದು ವಿಶ್ವ ಶ್ರವಣ ದಿನ. 1973ರ ಅದೇ ದಿನ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದರಿಂದ ವಿಶ್ವ ವನ್ಯಜೀವಿ ದಿನವೂ ಹೌದು. ಮೈಸೂರಿನವರಿಗೆ ಈ ಜೋಡಿ ಹೇಳಿ ಮಾಡಿಸಿದಂತಿದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅತ್ತ 1892ರಿಂದ ಇರುವ ಮೃಗಾಲಯ. ಪ್ರವಾಸಕ್ಕೆ ಹೋದಾಗ ಮಕ್ಕಳು ಹುಲಿಯ ಮುಂದೆ ಕಿರುಚದೆ ಇರಲಿ ಎಂದು ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಜುಲೈ 22 ಗಣಿತದ ಶಿಕ್ಷಕರಿಗೆ ಇಷ್ಟ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಅವರ ಪೈ ದಿನ ಮಾರ್ಚ್ 14, ಅಂದರೆ 3.14. ನಾವು ದಿನವನ್ನು ಮೊದಲು ಬರೆಯುವವರು. ನಮ್ಮ ಪಠ್ಯದ 22/7 ಸರಿಯಾಗಿ ಕೂರುವುದು ಜುಲೈ 22ಕ್ಕೆ. 1947ರ ಅದೇ ದಿನ ಸಂವಿಧಾನ ಸಭೆ ನಮ್ಮ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಧ್ವಜದ ನಡುವೆ ಇರುವುದೂ ಒಂದು ವೃತ್ತವೇ, 24 ಅರಗಳ ಚಕ್ರ.

ಮಾರ್ಚ್ 21ರ ಬಳಿ ಸ್ವಲ್ಪ ನಿಲ್ಲಬೇಕು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರು ತಮ್ಮ ನೆಲದಲ್ಲೇ ಓಡಾಡಲು ಪಾಸು ಇಟ್ಟುಕೊಳ್ಳಬೇಕಿದ್ದ ಕಾಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಜನ ಪಾಸುಗಳನ್ನು ಮನೆಯಲ್ಲಿ ಬಿಟ್ಟು ಠಾಣೆಯ ಮುಂದೆ ನೆರೆದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 69 ಮಂದಿ ಎಂಬುದು ಅಧಿಕೃತ ಲೆಕ್ಕ. ಆ ನೆನಪಿಗೆ ವಿಶ್ವಸಂಸ್ಥೆ 1966ರಲ್ಲಿ ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನವನ್ನು ಸಾರಿತು. ಅದೇ ತಾರೀಖಿಗೆ ಯುನೆಸ್ಕೊ 1999ರಲ್ಲಿ ಕಾವ್ಯ ದಿನವನ್ನು ತಂದಿತು. ಅರಣ್ಯ ದಿನ 2013ರಿಂದ. ಡೌನ್ ಸಿಂಡ್ರೋಮ್ ದಿನವೂ ಇದೇ. 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದರಿಂದ 21/3. ಕಾವ್ಯ, ಕಾಡು, ಹತ್ಯಾಕಾಂಡ, ವಿಶೇಷ ಮಕ್ಕಳು. ಒಂದೇ ಚೀಟಿಯಲ್ಲಿ ಇವನ್ನೆಲ್ಲ ಹೇಗೆ ಬರೆಯುವುದೆಂದು ನಾನು ಪೆನ್ನು ಹಿಡಿದು ಕುಳಿತದ್ದುಂಟು. ಕೊನೆಗೆ ಶಾರ್ಪ್‌ವಿಲ್ ಮತ್ತು ಡೌನ್ ಸಿಂಡ್ರೋಮ್ ಎರಡನ್ನು ಆರಿಸಿಕೊಂಡೆ. ಹುಟ್ಟಿನಿಂದ ಬಂದ ಗುರುತಿಗಾಗಿ ಒಬ್ಬರನ್ನು ದೂರ ಇಡುವುದು ಎರಡೂ ಕಡೆ ಇದೆ. ಕವಿತೆಯನ್ನು ಕನ್ನಡದ ಪಿರಿಯಡ್ಡಿಗೆ, ಕಾಡನ್ನು ವಿಜ್ಞಾನದ ಪಿರಿಯಡ್ಡಿಗೆ ದಾಟಿಸಿದೆ.

ಆಕಾಶ ನೋಡಿ ಇಟ್ಟ ದಿನಗಳೂ ಇವೆ. ಜೂನ್ 21ರ ಆಸುಪಾಸಿನಲ್ಲಿ ಉತ್ತರಾರ್ಧ ಗೋಳದಲ್ಲಿ ಹಗಲು ಅತಿ ದೀರ್ಘ. ಯೋಗ ದಿನಕ್ಕೆ ಆ ತಾರೀಖು ಸಿಕ್ಕಿದ್ದು ಅದರಿಂದ, ಫ್ರಾನ್ಸಿನಲ್ಲಿ 1982ರಲ್ಲಿ ಹುಟ್ಟಿದ ಸಂಗೀತ ದಿನಕ್ಕೂ ಹಾಗೆಯೇ. ಆದರೆ ಅಂದೇ ಇರುವ ಜಲಮಾಪನ ದಿನಕ್ಕೆ ಸೂರ್ಯನ ಸಂಬಂಧವಿಲ್ಲ. ಸಮುದ್ರದ ಆಳ ಅಳೆದು ನಕ್ಷೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ 1921ರ ಜೂನ್ 21ರಂದು ಸ್ಥಾಪನೆಯಾಯಿತು. 2022ರಲ್ಲಿ ಮೈಸೂರು ಅರಮನೆಯ ಆವರಣದಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ ಯೋಗ ದಿನ ನಡೆದಾಗ ಇಡೀ ಊರಿಗೆ ಆ ತಾರೀಖು ಬಾಯಿಪಾಠವಾಯಿತು.

ನಮ್ಮ ಹಬ್ಬಗಳ ವಿಷಯ ಬೇರೆ. ಅವು ತಾರೀಖನ್ನು ಹಿಡಿದು ಕೂರುವುದಿಲ್ಲ, ತಿಥಿಯೊಂದಿಗೆ ನಡೆಯುತ್ತವೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಗೋಡೆಯ ಮೊಳೆಗೆ ಕ್ಯಾಲೆಂಡರ್, ದೇವರ ಕೋಣೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ, ಹೀಗೆ ಎರಡು ಕಾಲಗಣನೆ ಇರುತ್ತದೆ. ಚಾಂದ್ರಮಾನದ 12 ತಿಂಗಳು ಸುಮಾರು 354 ದಿನ, ಸೌರವರ್ಷ 365 ದಿನ. ಈ ಹನ್ನೊಂದು ದಿನದ ಅಂತರವನ್ನು ಅಧಿಕಮಾಸ ತುಂಬಿಕೊಡುತ್ತದೆ. ಆದ್ದರಿಂದ ಹಬ್ಬ ತಾರೀಖಿನ ಮೇಲೆ ಹಿಂದೆ ಮುಂದೆ ಸರಿಯುತ್ತಿರುತ್ತದೆ.

ಇದರ ಫಲ ಕಂಡದ್ದು ಅಕ್ಟೋಬರ್ 2ರಲ್ಲಿ. ಗಾಂಧಿ ಜಯಂತಿ, ಶಾಸ್ತ್ರೀಜಿ ಜಯಂತಿ, 2007ರಿಂದ ವಿಶ್ವಸಂಸ್ಥೆಯ ಅಹಿಂಸಾ ದಿನ. 2024ರಲ್ಲಿ ಅದೇ ದಿನ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಬೀದಿಯಲ್ಲಿ ಹಿರಿಯರಿಗೆ ಮಾಂಸದಡುಗೆಯ ಎಡೆ ಇಡುವ ಮನೆಗಳೇ ಹೆಚ್ಚು. ಗಾಂಧಿ ಜಯಂತಿಗೆ ಮಾಂಸದಂಗಡಿ ಮುಚ್ಚುವುದರಿಂದ ಜನ ಹಿಂದಿನ ದಿನವೇ ತಂದಿಟ್ಟುಕೊಂಡರು. ನಮ್ಮ ಎದುರು ಮನೆಯ ಅಜ್ಜಿ ಆ ಸಲ ಎಡೆಗೆ ಕಜ್ಜಾಯ, ವಡೆ, ಕುಂಬಳಕಾಯಿ ಪಲ್ಯವಷ್ಟೇ ಇಟ್ಟರು. “ನಮ್ಮ ಯಜಮಾನರು ಗಾಂಧಿ ಟೋಪಿ ಹಾಕುತ್ತಿದ್ದವರು. ಒಂದು ವರ್ಷಕ್ಕೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ” ಎಂದರು. ಮರುವರ್ಷ, 2025ರ ಅಕ್ಟೋಬರ್ 2ರಂದು, ವಿಜಯದಶಮಿ. ಮೈಸೂರಿನಲ್ಲಿ ಜಂಬೂಸವಾರಿ ಮತ್ತು ಗಾಂಧಿ ಜಯಂತಿ ಒಟ್ಟಿಗೆ. 2006ರಲ್ಲೂ ಹೀಗೆಯೇ ಆಗಿತ್ತು. ನಡುವಿನ ಅಂತರ ಸರಿಯಾಗಿ 19 ವರ್ಷ. ಸೂರ್ಯ ಚಂದ್ರರ ಲೆಕ್ಕ 19 ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಹಳೆಯ ಜಾಗಕ್ಕೆ ಮರಳುತ್ತದೆ. ತಾರೀಖಿಗೂ ತಾರೀಖಿಗೂ ಆದ ನೆಂಟಸ್ತಿಕೆ ಪ್ರತಿವರ್ಷದ್ದು. ತಿಥಿಗೂ ತಾರೀಖಿಗೂ ಆದದ್ದು ಜಾತ್ರೆಯಲ್ಲಿ ಸಿಕ್ಕ ಹಳೆಯ ಗೆಳೆಯನ ಹಾಗೆ, ಮತ್ತೆ ಸಿಗುವುದು ಬಹಳ ಕಾಲಕ್ಕೆ.

ವಾರ ಹಿಡಿದು ಬರುವ ದಿನಗಳೂ ಹೀಗೆಯೇ. ವಿಶ್ವ ಕುಷ್ಠರೋಗ ದಿನ ಜನವರಿಯ ಕೊನೆಯ ಭಾನುವಾರ. ಗಾಂಧೀಜಿ ಕುಷ್ಠರೋಗಿಗಳ ಸೇವೆ ಮಾಡಿದವರಾದ್ದರಿಂದ ಭಾರತದಲ್ಲಿ ಅದನ್ನು ಅವರು ಹುತಾತ್ಮರಾದ ಜನವರಿ 30ಕ್ಕೆ ಕಟ್ಟಿದ್ದೇವೆ.

ತಾರೀಖು ಒಂದೇ ಆದರೂ ದಿನ ಒಂದೇ ಅಲ್ಲದ ಪ್ರಸಂಗವೂ ಇದೆ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರ ಸಾವನ್ನೂ 1616ರ ಏಪ್ರಿಲ್ 23ಕ್ಕೆ ಹೇಳುವ ರೂಢಿಯಿದೆ. ಆದರೆ ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. ಆದ್ದರಿಂದ ಸ್ಪೇನಿನ ಏಪ್ರಿಲ್ 23 ಕಳೆದು ಹತ್ತು ದಿನಕ್ಕೆ ಇಂಗ್ಲೆಂಡಿನ ಏಪ್ರಿಲ್ 23 ಬಂತು. 1917ರಲ್ಲಿ ರಷ್ಯಾದ ಮಹಿಳೆಯರು ರೊಟ್ಟಿಗಾಗಿ ಬೀದಿಗಿಳಿದದ್ದು ಅವರ ಕ್ಯಾಲೆಂಡರಿನ ಫೆಬ್ರುವರಿ 23ರಂದು. ಉಳಿದ ಜಗತ್ತಿಗೆ ಅದು ಮಾರ್ಚ್ 8, ಇಂದಿನ ಮಹಿಳಾ ದಿನ.

ಇಟ್ಟ ತಾರೀಖನ್ನು ಬದಲಿಸಿದ್ದೂ ಉಂಟು. 1993ರ ಡಿಸೆಂಬರ್ 29ರಂದು ಜೀವವೈವಿಧ್ಯ ಒಡಂಬಡಿಕೆ ಜಾರಿಗೆ ಬಂದದ್ದರಿಂದ ಆ ದಿನವೇ ಜೀವವೈವಿಧ್ಯ ದಿನವಾಗಿತ್ತು. ವರ್ಷದ ಕೊನೆಯ ರಜೆಗಳ ನಡುವೆ ಹಲವು ದೇಶಗಳಿಗೆ ಆಚರಿಸಲು ಕಷ್ಟವಾಗಿ 2000ದಲ್ಲಿ ಅದನ್ನು ಮೇ 22ಕ್ಕೆ ಸರಿಸಿದರು. ಆ ಖಾಲಿ ಜಾಗಕ್ಕೆ ನಮ್ಮ ಕುವೆಂಪು ಬಂದರು ಎನ್ನುವುದು ನನ್ನ ಸಂತೋಷ. 1904ರ ಡಿಸೆಂಬರ್ 29ರಂದು ಹುಟ್ಟಿದ ಅವರ ಜನ್ಮದಿನವನ್ನು ರಾಜ್ಯ ಸರ್ಕಾರ 2015ರಿಂದ ವಿಶ್ವಮಾನವ ದಿನವಾಗಿ ಆಚರಿಸುತ್ತಿದೆ. ಕಾಡನ್ನು ಅಷ್ಟು ಪ್ರೀತಿಸಿದ ಕವಿಯ ದಿನದಿಂದ ಜೀವವೈವಿಧ್ಯವನ್ನು ಯಾರು ಎಲ್ಲಿಗೆ ಸರಿಸಿದರೂ ನಾನು ಅಂದು ಅದನ್ನೂ ಹೇಳುತ್ತೇನೆ.

ಹೆಸರು ಕೇಳಿ ನಗು ಬರುವ ದಿನ ನವೆಂಬರ್ 19, ವಿಶ್ವ ಶೌಚಾಲಯ ದಿನ. ಸಿಂಗಪುರದ ಜ್ಯಾಕ್ ಸಿಮ್ 2001ರಲ್ಲಿ ಆರಂಭಿಸಿದ್ದು, ಸಿಂಗಪುರದ ಪ್ರಸ್ತಾವದ ಮೇಲೆ 2013ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿದ್ದು. ಪ್ರಾರ್ಥನೆಯಲ್ಲಿ ಓದಿಸಿದಾಗ ಹುಡುಗರ ಸಾಲಿನಲ್ಲಿ ನಗೆ ಎದ್ದಿತು. ಹುಡುಗಿಯರ ಸಾಲು ನಗಲಿಲ್ಲ. ನಾನು ಮೊದಲು ಕೆಲಸ ಮಾಡಿದ ಹಳ್ಳಿಯ ಶಾಲೆಯೊಂದರಲ್ಲಿ ಶೌಚಾಲಯವಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ, ಬಾಗಿಲಿಗೆ ಚಿಲಕವಿರಲಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಬಿಸಿಯೂಟದ ಸಾಂಬಾರಿಗೆ ಖಾರ ಹೆಚ್ಚಾದರೂ ಕುಡಿಯುತ್ತಿರಲಿಲ್ಲ. ತಿಂಗಳಲ್ಲಿ ಮೂರು ನಾಲ್ಕು ದಿನ ಶಾಲೆಗೇ ಬರುತ್ತಿರಲಿಲ್ಲ.

ಅದೇ ನವೆಂಬರ್ 19 ಅಂತರರಾಷ್ಟ್ರೀಯ ಪುರುಷರ ದಿನ. ಟ್ರಿನಿಡಾಡಿನ ಜೆರೋಮ್ ಟೀಲಕ್‌ಸಿಂಗ್ 1999ರಲ್ಲಿ ತಮ್ಮ ತಂದೆಯ ಹುಟ್ಟುಹಬ್ಬವನ್ನೇ ಆರಿಸಿ ಅದನ್ನು ಆರಂಭಿಸಿದರು. ಇಂದಿರಾ ಗಾಂಧಿಯವರ ಜನ್ಮದಿನ, ರಾಷ್ಟ್ರೀಯ ಭಾವೈಕ್ಯತಾ ದಿನವೂ ಹೌದು. ಶೌಚಾಲಯಕ್ಕೂ ಪುರುಷರ ದಿನಕ್ಕೂ ಏನು ಸಂಬಂಧ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮಲದ ಗುಂಡಿಗೆ, ಒಳಚರಂಡಿಗೆ ಇಳಿದು ವಿಷಾನಿಲಕ್ಕೆ ಉಸಿರುಗಟ್ಟಿ ಸಾಯುವವರು ಬಹುತೇಕ ಗಂಡಸರು. ಮನುಷ್ಯರನ್ನು ಆ ಕೆಲಸಕ್ಕೆ ಇಳಿಸುವುದನ್ನು ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿ ಬಂದದ್ದು 2013ರಲ್ಲಿ, ವಿಶ್ವಸಂಸ್ಥೆ ಶೌಚಾಲಯ ದಿನವನ್ನು ಒಪ್ಪಿದ ವರ್ಷವೇ. ಸಾವುಗಳು ನಿಂತಿಲ್ಲ. ಹಾಗೆಂದು ಹೇಳಿದೆ. ಆಮೇಲೆ ಹುಡುಗರ ಸಾಲಿನಲ್ಲೂ ಯಾರೂ ನಗಲಿಲ್ಲ.

ಕಳೆದ ನವೆಂಬರ್ 14ರಂದು ದಿನದ ವಿಶೇಷ ಓದಿದವಳು ಆ ಹುಡುಗಿಯೇ. ಆಗ ಅವಳು ಹತ್ತನೇ ತರಗತಿ. ಚೀಟಿಯನ್ನು ಅವಳೇ ಬರೆದಿದ್ದಳು, ನಾನು ಕಾಗುಣಿತ ಮಾತ್ರ ನೋಡಿದೆ. ಮೊದಲು ನೆಹರೂ, ಆಮೇಲೆ ಬ್ಯಾಂಟಿಂಗ್, ಆಮೇಲೆ ಥಾಂಪ್ಸನ್ ಎಂಬ ಹುಡುಗ. ಅಂದಿನಿಂದಲೇ ಶುರುವಾಗುವ ಸಹಕಾರ ಸಪ್ತಾಹ, ಗ್ರಂಥಾಲಯ ಸಪ್ತಾಹಗಳಿಗೆ ತಲಾ ಒಂದು ಸಾಲು. ಕೊನೆಗೆ ಬೆರಳ ತುದಿ ಚುಚ್ಚಿ, ಪಟ್ಟಿಯ ಮೇಲೆ ಒಂದು ಹನಿ ರಕ್ತ ಇಟ್ಟು, ಯಂತ್ರದಲ್ಲಿ ಮೂಡಿದ ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು: “112.” ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ “ನೋವಾಗುತ್ತಾ ಅಕ್ಕ?” ಎಂದು ಕೇಳಿದ. “ಇರುವೆ ಕಚ್ಚಿದಷ್ಟು” ಎಂದಳು.

ಆ ವರ್ಷವೂ ಬೂಂದಿ ಲಾಡೇ ತರಿಸಿದ್ದೆವು. ಊಟದ ಗಂಟೆ ಹೊಡೆದಾಗ ಅವಳು ಶಿಕ್ಷಕರ ಕೋಣೆಗೆ ಬಂದು, ಕಿಟಕಿಯ ಕಡೆ ತಿರುಗಿ ನಿಂತು, ವೈದ್ಯರು ಕಲಿಸಿದ ಲೆಕ್ಕದಂತೆ ಇನ್ಸುಲಿನ್ ಹಾಕಿಕೊಂಡಳು. ಅರ್ಧ ಲಾಡು ತಿಂದಳು. ಉಳಿದ ಅರ್ಧವನ್ನು ನೋಟ್ ಪುಸ್ತಕದ ಹಾಳೆಯಲ್ಲಿ ಮಡಿಸಿದಳು, ತಮ್ಮನಿಗೆ.